ನುಸಿ ಸಾಕಿದ ಬೇಸಿಗೆ

ವಿಜಯನಗರಕ್ಕೆ ಮೆಟ್ರೋ ಬರುವ ಮೊದಲಿನ ಮಾತು. ಆರ್‌ಪಿಸಿ ಲೇಔಟಿನಲ್ಲಿ ಆಗ ಒಂದಂತಸ್ತು, ಎರಡಂತಸ್ತಿನ ಮನೆಗಳೇ ಹೆಚ್ಚು. ಮನೆ ಎಷ್ಟೇ ಚಿಕ್ಕದಿರಲಿ, ಹಿಂದುಗಡೆ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಒಂದು ತೆಂಗಿನ ಮರ ಇರಲೇಬೇಕು. ಬೇಸಿಗೆ ರಜೆ ಬಂತೆಂದರೆ ಬೀದಿಯೆಲ್ಲ ಸಂಡಿಗೆ ಹಿಟ್ಟಿನ ವಾಸನೆ, ಹಸಿಮೆಣಸಿನಕಾಯಿ ಅರೆದ ಘಾಟು. ಸಂಜೆಯಾದರೆ ಲಗೋರಿ, ಕುಂಟೆಬಿಲ್ಲೆ, ಐಸ್‌ಪೈಸ್. ನೀವೂ ಆ ಕಾಲದಲ್ಲಿ ಬೆಂಗಳೂರಿನ ಈ ಭಾಗದಲ್ಲಿ ಬೆಳೆದವರಾದರೆ ಇದೆಲ್ಲ ನಿಮಗೂ ನೆನಪಿರುತ್ತದೆ. ನನಗೆ ಇದರ ಜೊತೆ ಇನ್ನೊಂದು ವಾಸನೆಯೂ ನೆನಪಿದೆ. ಹಳೆಯ ತೌಡಿನ ಮುಗ್ಗಲು ವಾಸನೆ. ಒಂದು ಬೇಸಿಗೆ ನಮ್ಮ ಮನೆಯಲ್ಲಿ ನುಸಿ ಸಾಕಿದ್ದೆವು.

ನಾನಾಗ ಐದನೇ ಕ್ಲಾಸು ಮುಗಿಸಿದ್ದೆ. ಅಪ್ಪ ನಾನು ಒಂದನೇ ಕ್ಲಾಸಿನಲ್ಲಿದ್ದಾಗಲೇ ತೀರಿಕೊಂಡಿದ್ದರು. ಅಮ್ಮ ಅಲ್ಲಿಯ ತನಕ ಒಂದು ಕಾಲೇಜಿನಲ್ಲಿ ಪಿಯುಸಿ ಹುಡುಗರಿಗೆ ಜೀವಶಾಸ್ತ್ರ ಹೇಳಿಕೊಡುತ್ತಿದ್ದಳು. ಅದು ಯಾವತ್ತು ಬೇಕಾದರೂ ಬೇಡ ಎನ್ನಬಹುದಾದ ಕೆಲಸ. ಪಿಎಚ್‌ಡಿ ಮಾಡಿದರೆ ಖಾಯಂ ಕೆಲಸ ಸಿಗುತ್ತದೆ ಎಂದು ಯಾರೋ ಹೇಳಿದ್ದನ್ನು ಹಿಡಿದುಕೊಂಡು, ಈ ವಯಸ್ಸಿನಲ್ಲಿ ಓದೇನು ಎಂದು ನೆಂಟರೆಲ್ಲ ಅಂದರೂ ಕೇಳದೆ ಸೇರಿಕೊಂಡಳು. ಅವಳು ಆರಿಸಿಕೊಂಡ ವಿಷಯ ತೆಂಗಿನ ನುಸಿ.

ಆ ವರ್ಷಗಳಲ್ಲಿ ತೆಂಗು ಬೆಳೆಯುವವರ ಬಾಯಲ್ಲೆಲ್ಲ ನುಸಿಯದೇ ಮಾತು. ಎಳೆಗಾಯಿಯ ತೊಟ್ಟಿನ ಕೆಳಗೆ ಟೋಪಿಯ ಹಾಗೆ ಕೂತಿರುವ ಎಸಳುಗಳ ಅಡಿಯಲ್ಲಿ, ಕಣ್ಣಿಗೆ ಕಾಣದ ನುಸಿ ಸೇರಿಕೊಂಡು ರಸ ಹೀರುತ್ತದೆ. ಕಾಯಿಯ ಮೇಲೆ ಮೊದಲು ಬಿಳಿಚಿದ ಮಚ್ಚೆ, ಆಮೇಲೆ ಕಂದು ಬಣ್ಣ, ಆಮೇಲೆ ಬಿರುಕು. ಕಾಯಿ ಬೆಳೆಯದೆ ಮುರುಟಿಕೊಳ್ಳುತ್ತದೆ. ಔಷಧಿ ಹೊಡೆದರೆ ಆ ಟೋಪಿಯೊಳಗೆ ಸರಿಯಾಗಿ ಇಳಿಯುವುದಿಲ್ಲ. ಆದರೆ ಅದೇ ಟೋಪಿಯೊಳಗೆ, ಈ ನುಸಿಯನ್ನೇ ತಿಂದು ಬದುಕುವ ಇನ್ನೊಂದು ಜಾತಿಯ ನುಸಿಯೂ ಇರುತ್ತದೆ. ಅದನ್ನು ಹಿಡಿದು, ಸಾಕಿ, ಹೆಚ್ಚು ಮಾಡಿ ಮರಗಳಿಗೆ ಬಿಟ್ಟರೆ ಏನಾಗುತ್ತದೆ ಎಂದು ನೋಡುವುದು ಅಮ್ಮನ ಸಂಶೋಧನೆ.

ಆ ಬೇಸಿಗೆ ಅವಳ ವಿಭಾಗದ ಕಟ್ಟಡಕ್ಕೆ ಬಣ್ಣ ಬಳಿಯುವ ಕೆಲಸ ಹಿಡಿದಿದ್ದರು. ಬಣ್ಣದ ಘಾಟಿಗೆ ಸಾಕಿದ ನುಸಿಗಳು ಉಳಿಯುವುದಿಲ್ಲ ಎಂದು ಅಮ್ಮ ತನ್ನ ಗೈಡನ್ನು ಕೇಳಿಕೊಂಡು ಮೈಕ್ರೋಸ್ಕೋಪನ್ನೂ ಎರಡು ಟ್ರೇಗಳನ್ನೂ ಆಟೋದಲ್ಲಿ ಮನೆಗೆ ತಂದಳು. ಒಂದು ಟ್ರೇ ಅವಳ ತೊಡೆಯ ಮೇಲೆ, ಒಂದು ನನ್ನ ತೊಡೆಯ ಮೇಲೆ. ಅಲುಗಾಡಿಸಬೇಡ ಎಂದು ದಾರಿಯುದ್ದಕ್ಕೂ ಹೇಳುತ್ತಲೇ ಇದ್ದಳು. ಆಟೋದವರು ಕನ್ನಡಿಯಲ್ಲಿ ನೋಡಿ ಕೇಳಿದರು.

“ಏನ್ ಮೇಡಂ ಅದು, ಕೇಕಾ?”

“ಅಂಥದ್ದೇ, ನಿಧಾನಕ್ಕೆ ಹೋಗಿ” ಎಂದಳು ಅಮ್ಮ.

ಆ ರಜೆಯಲ್ಲಿ ಅಮ್ಮ ತಮಾಷೆ ಮಾಡಿದ್ದು ಕೆಲವೇ ಸಲ. ಅದರಲ್ಲಿ ಅದೊಂದು.

ರೂಮಿನ ಕಿಟಕಿಯ ಹತ್ತಿರ ಮೇಜು ಹಾಕಿ, ಇರುವೆ ಹತ್ತದಂತೆ ಅದರ ನಾಲ್ಕು ಕಾಲಿಗೂ ನೀರು ತುಂಬಿದ ಬಟ್ಟಲು ಇಟ್ಟೆವು. ಟ್ರೇಯಲ್ಲಿ ನೀರು ಹೀರಿದ ಸ್ಪಂಜು, ಅದರ ಮೇಲೆ ಕಪ್ಪು ಪ್ಲಾಸ್ಟಿಕ್ಕಿನ ಚಿಕ್ಕ ಚಿಕ್ಕ ಚೌಕಗಳು, ಪ್ರತಿ ಚೌಕದ ಸುತ್ತ ಒದ್ದೆ ಹತ್ತಿಯ ಕಟ್ಟೆ. ನುಸಿಗಳು ಆ ಕಟ್ಟೆ ದಾಟಿ ಹೋಗಲಾರವು. ಅವಕ್ಕೆ ತಿನ್ನಲು ಒಂದು ಗಾಜಿನ ಜಾಡಿಯಲ್ಲಿ ತೌಡು ಹಾಕಿ, ಅದರಲ್ಲಿ ಇನ್ನೊಂದು ಬಗೆಯ ನುಸಿಯನ್ನು ಬೆಳೆಸಿದ್ದಳು. ಆ ಜಾಡಿಯ ವಾಸನೆಯೇ ನಮ್ಮ ಮನೆಗೆಲ್ಲ ಹಿಡಿದದ್ದು. ಹಾಸಿಗೆಗೆ, ನನ್ನ ಫ್ರಾಕಿಗೆ, ಊಟಕ್ಕೆ ಕೂತರೆ ಅನ್ನಕ್ಕೂ ಅದೇ.

ಬೆಳಿಗ್ಗೆ ಎದ್ದರೆ ಅಮ್ಮನ ಬೆನ್ನು. ಮೈಕ್ರೋಸ್ಕೋಪಿಗೆ ಕಣ್ಣು ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತಿರುತ್ತಿದ್ದಳು. ನಾನು ಏನು ಹೇಳಿದರೂ “ಹೂಂ”. ಹಾಲು ಉಕ್ಕುತ್ತಿದೆ ಎಂದರೂ ಅದೇ, ನನ್ನ ಹಲ್ಲು ಅಲ್ಲಾಡುತ್ತಿದೆ ಎಂದರೂ ಅದೇ. ಒಂದು ದಿನ ತಡೆಯಲಾರದೆ ಕೇಳಿದೆ.

“ಅಮ್ಮಾ, ನಾನು ನುಸಿ ಆಗಿದ್ರೆ ನೀನು ನನ್ನ ನೋಡ್ತಿದ್ಯಾ?”

“ನುಸಿ ಆಗಿದ್ರೆ ತಲೆ ಬಾಚೋ ಕೆಲಸ ಇರ್ತಿರ್ಲಿಲ್ಲ. ಹೋಗು, ಬಾಚಣಿಗೆ ತಗೊಂಡ್ ಬಾ” ಎಂದಳು, ಕಣ್ಣು ಎತ್ತದೆ. ಬಾಚಣಿಗೆ ತಂದು ಪಕ್ಕದಲ್ಲಿ ನಿಂತೆ. ಬಹಳ ಹೊತ್ತು ನಿಂತೆ. ಕೊನೆಗೆ ನಾನೇ ಬಾಚಿಕೊಂಡೆ. ಬೈತಲೆ ಸೊಟ್ಟಗೆ ಬಂತು.

ಅವಳು ಕೆಟ್ಟವಳಲ್ಲ. ಅದನ್ನು ಹೇಳದೆ ಮುಂದೆ ಹೋದರೆ ನನಗೇ ಸಮಾಧಾನವಾಗುವುದಿಲ್ಲ. ಅವಳಿಗೆ ಭಯ. ಮನೆ, ಬಾಡಿಗೆ, ನಾನು, ಎಲ್ಲವೂ ಆ ಟ್ರೇಗಳ ಮೇಲೆ ನಿಂತಿದೆ ಎಂದು ಅವಳು ತಿಳಿದಿದ್ದಳು. ಹಾಗೆ ತಿಳಿದವರಿಗೆ ಪಕ್ಕದಲ್ಲಿ ಬಾಚಣಿಗೆ ಹಿಡಿದು ನಿಂತವರು ಕಾಣುವುದಿಲ್ಲ.

ಒಂದು ಸಲ ಮಾತ್ರ ಅವಳೇ ಹತ್ತಿರ ಕರೆದಳು. ನುಸಿಗಳನ್ನು ಒಂದು ಚೌಕದಿಂದ ಇನ್ನೊಂದಕ್ಕೆ ಎತ್ತಿಡಲು ಅವಳ ಹತ್ತಿರ ಒಂದೇ ಕೂದಲಿನ ಬ್ರಷ್ಷಿತ್ತು. ಅದು ಮುರಿದುಹೋಗಿತ್ತು.

“ಪುಟ್ಟೀ, ಇಲ್ಲಿ ಬಾ. ಕಣ್ಣು ಮುಚ್ಕೋ.”

ನನ್ನ ಗಲ್ಲ ಹಿಡಿದು ಬೆಳಕಿನ ಕಡೆ ತಿರುಗಿಸಿ, ರೆಪ್ಪೆಯಿಂದ ಒಂದು ಕೂದಲನ್ನು ಮೆಲ್ಲಗೆ ಎಳೆದುಕೊಂಡಳು. ಚುರುಕ್ ಎಂದಿತು. ಅದನ್ನು ಅಗರಬತ್ತಿಯ ಕಡ್ಡಿಯ ತುದಿಗೆ ಅಂಟಿಸಿದಳು. ಚಿಕ್ಕವರ ರೆಪ್ಪೆಯ ಕೂದಲಿಗೆ ಬಹಳ ಸೂಕ್ಷ್ಮ ಬಾಗು ಇರುತ್ತದೆಯಂತೆ, ನುಸಿಗೆ ನೋವಾಗುವುದಿಲ್ಲವಂತೆ. ಅವತ್ತು ಮೊದಲ ಸಲ ನನ್ನನ್ನೂ ನೋಡಲು ಬಿಟ್ಟಳು. ಕಪ್ಪು ನೆಲದ ಮೇಲೆ ನಸು ಹಳದಿ ಬಣ್ಣದ, ಚಪ್ಪಟೆಯಾದ, ಒಳಗಿನ ಬೆಳಕು ಹೊರಗೆ ಕಾಣುವಂಥ ಜೀವ. ಮುಂದಿನ ಎರಡು ಕಾಲನ್ನು ಕುರುಡರು ಕೋಲು ಆಡಿಸುವಂತೆ ಆಡಿಸುತ್ತ ನಡೆಯುತ್ತಿತ್ತು.

“ಈ ಹುಳ ಇಷ್ಟು ಚೆನ್ನಾಗಿದ್ಯಾ?” ಎಂದೆ.

“ಹುಳ ಅಲ್ಲ ಕಣೇ, ನುಸಿ. ಹುಳಕ್ಕಿಂತ ಜೇಡಕ್ಕೆ ಹತ್ತಿರದ ನೆಂಟ. ಕಾಲು ಎಷ್ಟಿದೆ ನೋಡು, ಎಂಟು. ಇದು ತಿನ್ನುತ್ತಲ್ಲ, ತೆಂಗಿನ ನುಸಿ, ಪಾಪ, ಅದಕ್ಕೆ ನಾಲ್ಕೇ.”

ಎಷ್ಟೋ ದಿನಗಳಾದ ಮೇಲೆ ಅಮ್ಮ ನನ್ನೊಡನೆ ಅಷ್ಟು ಉದ್ದದ ಮಾತಾಡಿದ್ದು ಅದೇ. ಇನ್ನೂ ಏನಾದರೂ ಕೇಳೋಣ ಎಂದು ಹುಡುಕುತ್ತಿರುವಷ್ಟರಲ್ಲಿ ಅವಳು ಮತ್ತೆ ಬಗ್ಗಿದಳು.

ನಾವು ಆ ಮನೆಗೆ ಬಂದು ಹೆಚ್ಚು ಕಾಲವಾಗಿರಲಿಲ್ಲ. ಎದುರುಮನೆಯ ಶ್ವೇತಾ ನನ್ನದೇ ವಯಸ್ಸಿನವಳು. ರಜೆಯ ಮೊದಲ ವಾರ ಒಂದು ಮಧ್ಯಾಹ್ನ ಆಡಲು ಮನೆಗೆ ಬಂದಳು. ಚೌಕಾಬಾರದ ಮನೆ ಬರೆದು, ಹುಣಸೆಬೀಜ ಉಜ್ಜಿ ಇಟ್ಟುಕೊಂಡಿದ್ದೆ. ಅವಳು ಮೇಜಿನ ಮೇಲಿದ್ದುದು ಏನೆಂದು ಕೇಳಿದಳು. ನಾನು ಹೆಮ್ಮೆಯಿಂದ ಎಲ್ಲ ಹೇಳಿದೆ. ಅವಳು ಮನೆಗೆ ಹೋಗಿ ಅದನ್ನೇ ಅವಳಮ್ಮನಿಗೆ ಹೇಳಿದಳು. ಮಾರನೇ ದಿನ ನಾನು ಅವರ ಗೇಟಿನ ಹತ್ತಿರ ಹೋದಾಗ ಅವಳಮ್ಮ ಹೊಸಿಲಲ್ಲೇ ನಿಂತು ಹೇಳಿದರು.

“ಬೇಜಾರ್ ಮಾಡ್ಕೋಬೇಡಮ್ಮ. ಮೊದ್ಲೇ ಇವಳಿಗೆ ಮೈಯೆಲ್ಲ ಅಲರ್ಜಿ. ಅದೆಲ್ಲ ತಲೆಗೆ ಹತ್ಕೊಂಡ್ರೆ ಕಷ್ಟ. ಅಮ್ಮನ ಕೆಲಸ ಮುಗೀಲಿ, ಆಮೇಲೆ ಆಡ್ಕೊಳ್ಳಿ.”

ಅವರು ಬೈಯಲಿಲ್ಲ. ಬೈದಿದ್ದರೆ ಅಳಬಹುದಿತ್ತು. ಅಂದಿನಿಂದ ಬೀದಿಯ ಮಕ್ಕಳಿಗೆ ನಾನು ಹುಳದ ಆಂಟಿ ಮಗಳಾದೆ. ಲಗೋರಿಯಲ್ಲಿ ಯಾವ ಪಾರ್ಟಿಗೂ ನನ್ನ ಹೆಸರು ಕರೆಯುತ್ತಿರಲಿಲ್ಲ. ನಾನು ಗೇಟಿನ ಸರಳು ಹಿಡಿದುಕೊಂಡು ನೋಡುತ್ತಿದ್ದೆ. ಚೆಂಡು ನಮ್ಮ ಕಾಂಪೌಂಡಿಗೆ ಬಿದ್ದಾಗ ಎತ್ತಿ ಎಸೆಯುವುದಷ್ಟೇ ನನ್ನ ಆಟ. ದೇವರೇ ಚೆಂಡು ಈ ಕಡೆ ಬರಲಿ ಎಂದುಕೊಳ್ಳುತ್ತಿದ್ದೆ.

ವಾರದಲ್ಲಿ ಕೆಲವು ದಿನ ಅಮ್ಮ ತಿಪಟೂರಿನ ಕಡೆಯ ತೋಟಗಳಿಗೆ ಹೋಗಬೇಕಿತ್ತು. ಹೊತ್ತು ಮೂಡುವ ಮೊದಲೇ ಬಸ್ಸು. ಮಾವಿನಕಾಯಿ ಚಿತ್ರಾನ್ನ ಮಾಡಿ ಡಬ್ಬಿಯಲ್ಲಿಟ್ಟು, ನನ್ನನ್ನು ಎಬ್ಬಿಸಿ, “ಹತ್ತಿ ಒಣಗೋಕೆ ಬಿಡ್ಬೇಡ. ಇಂಕ್ ಫಿಲ್ಲರಲ್ಲಿ ನೀರು ಹಾಕು. ಚೌಕದ ಮೇಲೆ ಒಂದು ಹನೀನೂ ಬೀಳಬಾರ್ದು” ಎಂದು ಹೇಳಿ ಹೋಗುತ್ತಿದ್ದಳು. ಮೇಲಿನ ಮನೆಯಲ್ಲಿ ಓನರ್ ಗಿರಿಜಮ್ಮ ಒಬ್ಬರೇ. ಅವರು ಮೆಟ್ಟಿಲಿಂದಲೇ “ಊಟ ಆಯ್ತೇನಮ್ಮಾ?” ಎಂದು ಕೂಗುತ್ತಿದ್ದರು. ಆಯ್ತು ಆಂಟಿ ಎನ್ನುತ್ತಿದ್ದೆ. ಕೆಲವು ಸಲ ಟೆರೇಸಿನಲ್ಲಿ ಸಂಡಿಗೆ ಕಾಯಲು ಕರೆಯುತ್ತಿದ್ದರು. ಅರ್ಧ ಒಣಗಿದ ಸಂಡಿಗೆ ಕಿತ್ತು ಬಾಯಿಗೆ ಹಾಕಿಕೊಂಡರೆ ಅಂಟಂಟು, ಉಪ್ಪುಪ್ಪು. ಕಾಗೆ ಓಡಿಸುತ್ತ ಅಲ್ಲಿಂದ ನೋಡಿದರೆ ಬೀದಿಯ ಮಕ್ಕಳೆಲ್ಲ ಚಿಕ್ಕದಾಗಿ ಕಾಣುತ್ತಿದ್ದರು.

ಉಳಿದ ಹೊತ್ತು ಮನೆಯಲ್ಲಿ ನಾನು ಮತ್ತು ಟ್ರೇಗಳು. ಫಿಲ್ಲರಿನಿಂದ ನೀರು ಹಾಕುತ್ತ ಹಾಕುತ್ತ ನಾನು ಅವುಗಳೊಡನೆ ಮಾತಾಡಲು ಶುರುಮಾಡಿದೆ. ಬರಿಗಣ್ಣಿಗೆ ಅವು ಕಾಣುತ್ತಿರಲಿಲ್ಲ, ತೀರ ಹತ್ತಿರ ಹೋದರೆ ಧೂಳಿನ ಕಣ ಸರಿದಂತೆ ಅನಿಸುತ್ತಿತ್ತು. ಅವುಗಳ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಆದರೂ ಮಧ್ಯಾಹ್ನದ ಆ ಮೌನದಲ್ಲಿ ಮನೆಯಲ್ಲಿ ನನ್ನ ಬಿಟ್ಟರೆ ಉಸಿರಾಡುವುದು ಅವೇ ಎಂಬುದೂ ಗೊತ್ತಿತ್ತು.

ನಡುವೆ ಒಂದು ಒಳ್ಳೆಯ ದಿನವೂ ಬಂತು. ಗಿರಿಜಮ್ಮ ಹಿತ್ತಲ ಮರದಿಂದ ಕಾಯಿ ಕೀಳಿಸಿದಾಗ ಉದುರಿದ ಎಳೆಗಾಯಿಗಳನ್ನು ಅಮ್ಮ ಸುಮ್ಮನೆ ಬಿಡಿಸಿ ನೋಡಿದಳು. ತೋಟ ತೋಟ ಸುತ್ತಿ ಹುಡುಕುತ್ತಿದ್ದ ಬೇಟೆಯಾಡುವ ನುಸಿ ಅಲ್ಲಿ ರಾಶಿಯಾಗಿತ್ತು. ಅಮ್ಮ ಜೋರಾಗಿ ನಕ್ಕುಬಿಟ್ಟಳು. ಆ ನಗು ಕೇಳಿ ಗಿರಿಜಮ್ಮ ಮೇಲಿನಿಂದ ಇಣುಕಿದರು. ಆ ಸಂಜೆ ಚಂದ್ರಾ ಲೇಔಟಿನ ದರ್ಶಿನಿಗೆ ನಡೆದುಕೊಂಡು ಹೋಗಿ, ಎತ್ತರದ ಟೇಬಲ್ಲಿಗೆ ನನ್ನ ಗಲ್ಲ ತಾಗುವಂತೆ ನಿಂತು ಮಸಾಲೆ ದೋಸೆ ತಿಂದೆವು. ಅಮ್ಮ ತನ್ನ ದೋಸೆಯ ಗರಿಗರಿ ಅಂಚು ಮುರಿದು ನನ್ನ ತಟ್ಟೆಗೆ ಹಾಕಿದಳು. ಬರುವಾಗ ದಾರಿಯುದ್ದಕ್ಕೂ ಕೈ ಹಿಡಿದುಕೊಂಡಿದ್ದಳು. ಇನ್ನು ದಿನಾ ಹೀಗೇ ಇರುತ್ತದೆ ಎಂದುಕೊಂಡೆ. ಆ ಹೊಸ ನುಸಿಗಳೆಲ್ಲ ಟ್ರೇ ಸೇರಿದವು. ಅಮ್ಮನ ಬೆನ್ನು ಇನ್ನಷ್ಟು ಬಾಗಿತು.

ಅದು ಚಿಕುನ್‌ಗುನ್ಯಾ ಬಂದ ಬೇಸಿಗೆ. ಮನೆಮನೆಯಲ್ಲೂ ಜ್ವರ, ಕೀಲುನೋವು. ಹಾಲು ತರಲು ಹೋಗುವವರು ಗೋಡೆ ಹಿಡಿದುಕೊಂಡು ನಡೆಯುತ್ತಿದ್ದರು. ಗಿರಿಜಮ್ಮನೂ ಮಲಗಿದರು. ಮೆಟ್ಟಿಲಿಳಿಯಲು ಆಗದೆ ಮೇಲಿನಿಂದಲೇ ನರಳುವುದು ನಮಗೆ ಕೇಳಿಸುತ್ತಿತ್ತು. ಸೊಳ್ಳೆಗೆ ಹೊಗೆ ಹಾಕಿಸಿ ಎಂದು ಬೀದಿಯವರೆಲ್ಲ ಕಾರ್ಪೊರೇಷನ್ ಆಫೀಸಿಗೆ ಹೋಗಿ ಕೇಳಿಕೊಂಡಿದ್ದರು. ಹೊಗೆ ಹಾಕುವವರು ಯಾವತ್ತು ಬರುತ್ತಾರೆಂದು ಯಾರಿಗೂ ಗೊತ್ತಿರಲಿಲ್ಲ.

ಬಂದಿದ್ದು ಅಮ್ಮ ತಿಪಟೂರಿಗೆ ಹೋಗಿದ್ದ ದಿನ, ಸಂಜೆ. ಕರೆಂಟು ಹೋಗಿತ್ತು. ಸೈಲೆನ್ಸರ್ ಕಿತ್ತ ಬೈಕಿನಂಥ ಸದ್ದು ಬೀದಿಯ ತುದಿಯಿಂದ ಕೇಳಿತು. ಆ ಸದ್ದು ಕೇಳಿದರೆ ಆಗಿನ ಮಕ್ಕಳಿಗೆ ಹಬ್ಬ. ಹೆಗಲಿಗೆ ಮೆಷಿನ್ನು ಹಾಕಿಕೊಂಡವನ ಹಿಂದೆ, ಬೆಳ್ಳಗಿನ ದಟ್ಟ ಹೊಗೆಯೊಳಗೆ ಓಡುವುದು, ಒಬ್ಬರಿಗೊಬ್ಬರು ಕಾಣದೆ ಡಿಕ್ಕಿ ಹೊಡೆಯುವುದು, ಡೀಸೆಲ್ ವಾಸನೆಯಲ್ಲಿ ಕೆಮ್ಮುತ್ತ ನಗುವುದು. ನಮ್ಮ ಗೇಟಿನ ಮುಂದೆ ಶ್ವೇತಾ ನಿಂತಿದ್ದಳು.

“ಬಾರೇ, ಹೊಗೆ ಬರ್ತಿದೆ. ಓಡೋಣ.”

ರಜೆಯ ಮೊದಲ ವಾರದ ನಂತರ ಅವಳು ನನ್ನನ್ನು ಕರೆದಿದ್ದು ಅವತ್ತೇ. ನಾನು ಚಪ್ಪಲಿ ಮೆಟ್ಟಿಕೊಂಡು ಎರಡು ಹೆಜ್ಜೆ ಹೋದೆ. ಆಗ ತಟ್ಟನೆ ನೆನಪಾಯಿತು. ಆ ಹೊಗೆ ಸೊಳ್ಳೆ ಯಾವುದು, ನುಸಿ ಯಾವುದು ಎಂದು ನೋಡುವುದಿಲ್ಲ.

“ಬರಕ್ಕಾಗಲ್ಲ ಕಣೇ” ಎಂದೆ.

ಶ್ವೇತಾ ಒಂದು ಕ್ಷಣ ನನ್ನ ಮುಖ ನೋಡಿ ಓಡಿಹೋದಳು.

ನಾನು ಆ ಮೆಷಿನ್ನಿನವರ ಹತ್ತಿರ ಹೋಗಿ ನಿಂತೆ. ಅವರು ಮೂಗಿಗೆ ಟವೆಲ್ಲು ಕಟ್ಟಿಕೊಂಡಿದ್ದರು. ಏನು ಹೇಳಿದರೂ ಸದ್ದಿನಲ್ಲಿ ಕೇಳಿಸುತ್ತಿರಲಿಲ್ಲ. ಮೆಷಿನ್ನು ನಿಲ್ಲಿಸಿ ಬಗ್ಗಿದರು.

“ಅಣ್ಣ, ನಮ್ಮ ಮನೆ ಹತ್ರ ಬೇಡ ಅಣ್ಣ.”

“ಯಾಕಮ್ಮ? ಎಲ್ಲರೂ ನಮ್ಮನೆಗೆ ಹೊಡೀರಿ, ನಮ್ಮನೆಗೆ ಹೊಡೀರಿ ಅಂತಾರೆ, ನೀನು ಬೇಡ ಅಂತೀಯಲ್ಲ.”

“ಒಳಗೆ ಹುಳ ಇದಾವೆ.”

“ಹುಳ ಸಾಯ್ಲಿ ಅಂತಾನೇ ಹೊಡೆಯೋದು.”

“ಅವು ಒಳ್ಳೇ ಹುಳ. ನಮ್ಮಮ್ಮಂದು.”

ಅವರು ನಗಲಿಲ್ಲ. ನನ್ನ ಹಿಂದೆ ತೆರೆದಿದ್ದ ಬಾಗಿಲು ನೋಡಿದರು. “ಮನೇಲಿ ದೊಡ್ಡವರು ಯಾರಿದಾರೆ?” ಎಂದರು. ಯಾರೂ ಇಲ್ಲ ಎಂದೆ. ಟವೆಲ್ಲನ್ನು ಮೂಗಿನಿಂದ ಕೆಳಗೆಳೆದು ಹೇಳಿದರು.

“ನಿಮ್ಮನೆ ಒಂದು ಬಿಟ್ರೆ ಉಳಿದೋರು ನನ್ನ ಬಿಡಲ್ಲಮ್ಮ, ಜ್ವರ ಎಲ್ಲಾ ಕಡೆ ಇದೆ. ಒಂದ್ ಕೆಲಸ ಮಾಡ್ತೀನಿ. ಆ ಕಡೆ ತುದಿಯಿಂದ ಹೊಡ್ಕೊಂಡ್ ಬರ್ತೀನಿ. ಅಷ್ಟರಲ್ಲಿ ಕಿಟಕಿ ಬಾಗಿಲು ಭದ್ರ ಮಾಡ್ಕೋ.”

ಒಳಗೆ ಓಡಿದೆ. ಕಿಟಕಿ ಹಾಕಿದೆ. ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿದೆ. ಆಮೇಲೆ ಮೇಲೆ ನೋಡಿದೆ. ಹಳೇ ಮನೆಗಳಲ್ಲಿ ಕಿಟಕಿಯ ಮೇಲೆ ವೆಂಟಿಲೇಟರ್ ಇರುತ್ತದಲ್ಲ, ಬರೀ ಜಾಲರಿ, ಮುಚ್ಚಲು ಏನೂ ಇಲ್ಲದ್ದು. ಕುರ್ಚಿಯ ಮೇಲೆ ಕುರ್ಚಿ ಇಟ್ಟರೂ ನನ್ನ ಕೈಗೆ ಅದು ಎಟುಕುತ್ತಿರಲಿಲ್ಲ. ಮೆಷಿನ್ನಿನ ಸದ್ದು ಮತ್ತೆ ಶುರುವಾಗಿತ್ತು. ಬೀರು ತೆಗೆದೆ, ಬಟ್ಟೆ ತುಂಬಿತ್ತು, ಬಾಗಿಲೂ ಸರಿಯಾಗಿ ಕೂರುತ್ತಿರಲಿಲ್ಲ. ಅಡುಗೆಮನೆಗೆ ಬಂದೆ. ಫ್ರಿಜ್ಜು ಕಂಡಿತು.

ಫ್ರಿಜ್ಜಿನ ಬಾಗಿಲಿಗೆ ರಬ್ಬರಿನ ಅಂಚಿದೆ, ಗಾಳಿ ಆಡುವುದಿಲ್ಲ. ಚಳಿಗೆ ಅವು ಸತ್ತರೆ? ತೌಡಿನ ಜಾಡಿಯನ್ನು ಅಮ್ಮ ಒಂದೆರಡು ಸಲ ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಟ್ಟದ್ದು ನೋಡಿದ್ದೆ. ಯಾಕೆಂದು ಕೇಳಿದ್ದಕ್ಕೆ, ತುಂಬ ಓಡಾಡ್ತವೆ, ಸುಮ್ಮನಾಗ್ಲಿ ಅಂತ, ಎಂದಿದ್ದಳು. ಅಷ್ಟೇ ಧೈರ್ಯ. ಮೊಸರಿನ ಪಾತ್ರೆ, ಹುಳಿ, ಕೊತ್ತಂಬರಿ ಸೊಪ್ಪು, ನೀರಿನ ಬಾಟಲಿಗಳು, ಎಲ್ಲವನ್ನೂ ತೆಗೆದು ನೆಲಕ್ಕಿಟ್ಟೆ. ತಂತಿಯ ತಟ್ಟೆಗಳನ್ನು ಎಳೆದು ಹಾಕಿದೆ. ಮೇಜಿನಿಂದ ಟ್ರೇ ಎತ್ತಿಕೊಂಡು ರೂಮಿನಿಂದ ಅಡುಗೆಮನೆಗೆ ಒಂದೊಂದೇ ಹೆಜ್ಜೆ ಇಡುತ್ತ ಬಂದೆ. ನೀರು ತುಳುಕಿದರೆ ಎಲ್ಲ ಮುಳುಗಿಹೋಗುತ್ತವೆ. ಹೊಸಿಲು ದಾಟುವಾಗ ಉಸಿರು ಹಿಡಿದಿದ್ದೆ. ಒಂದು, ಆಮೇಲೆ ಇನ್ನೊಂದು, ಆಮೇಲೆ ಜಾಡಿ. ಬಾಗಿಲು ಹಾಕಿ ಬೆನ್ನು ಒತ್ತಿ ನಿಂತೆ.

ಹೊಗೆ ವೆಂಟಿಲೇಟರಿನಿಂದ ಮೆಲ್ಲಗೆ ಇಳಿಯಿತು. ಮೊದಲು ದೇವರ ಫೋಟೋ ಮಸುಕಾಯಿತು, ಆಮೇಲೆ ಗಡಿಯಾರ. ಕಣ್ಣು ಉರಿಯತೊಡಗಿತು. ನನ್ನ ಬಗ್ಗೆ ನಾನು ಏನೂ ಯೋಚಿಸಿರಲಿಲ್ಲ. ಬಚ್ಚಲಿಗೆ ಹೋಗಿ, ಟವೆಲ್ಲು ನೆನೆಸಿ ಮುಖಕ್ಕೆ ಹಿಡಿದುಕೊಂಡು, ಬಕೀಟು ಬೋರಲು ಹಾಕಿ ಅದರ ಮೇಲೆ ಕೂತೆ. ಹೊರಗೆ ಮಕ್ಕಳ ಕೂಗು, ನಗು. ಶ್ವೇತಾಳ ದನಿಯೂ ಕೇಳಿಸಿತು. ಅವರೆಲ್ಲ ಆ ಹೊಗೆಯನ್ನು ಹಿಂಬಾಲಿಸಿ ಪಕ್ಕದ ಬೀದಿಗೆ ಹೋದರು. ಸದ್ದು ಕಡಿಮೆಯಾಗುತ್ತ ಆಗುತ್ತ ನಿಂತೇಹೋಯಿತು. ನಾನು ಅಲ್ಲೇ ಕೂತಿದ್ದೆ. ಕತ್ತಲಾಯಿತು. ಎದ್ದು ಬಾಗಿಲು ತೆಗೆದರೆ ಹೊಗೆ ಇರುತ್ತದೋ ಏನೋ ಎಂಬ ಭಯ. ಆಗ ನಾನು ಅತ್ತದ್ದು ಹೊಗೆಗೋ ಬೇರೆ ಯಾತಕ್ಕೋ ನನಗೆ ಗೊತ್ತಿಲ್ಲ.

ಅಮ್ಮ ಬಂದಾಗ ಇನ್ನೂ ಕರೆಂಟು ಬಂದಿರಲಿಲ್ಲ. ಬೀದಿಯಲ್ಲೇ ಅವಳಿಗೆ ವಾಸನೆ ಗೊತ್ತಾಗಿತ್ತು. ಚಪ್ಪಲಿ ಬಿಡದೆ ರೂಮಿಗೆ ನುಗ್ಗಿದಳು. ಮೇಜು ಖಾಲಿ.

“ಪುಟ್ಟೀ. ಟ್ರೇ ಎಲ್ಲಿ?”

“ಫ್ರಿಜ್ಜಲ್ಲಿ” ಎಂದೆ ಬಚ್ಚಲಿನಿಂದಲೇ.

ಟಾರ್ಚು ಹಿಡಿದು ಅಡುಗೆಮನೆಗೆ ಹೋದಳು. ನೆಲದ ಮೇಲಿದ್ದ ಮೊಸರಿನ ಪಾತ್ರೆ ಅವಳ ಕಾಲಿಗೆ ತಾಗಿ ಚೆಲ್ಲಿತು. ಟ್ರೇ ತಂದು ಮೇಜಿನ ಮೇಲಿಟ್ಟು, ಟಾರ್ಚನ್ನು ಬಚ್ಚಲಿನಿಂದ ಹೊರಗೆ ಬಂದ ನನ್ನ ಕೈಗೆ ಕೊಟ್ಟು, ಮೈಕ್ರೋಸ್ಕೋಪಿಗೆ ಬಗ್ಗಿ ನೋಡಿದಳು. ನಾನು ಬೆಳಕು ಹಿಡಿದು ಅವಳ ಮುಖವನ್ನೇ ನೋಡುತ್ತಿದ್ದೆ. ಒಂದು ಚೌಕ ನೋಡಿದಳು. ಇನ್ನೊಂದು. ಮತ್ತೊಂದು. ಅವಳ ತುಟಿ ಬಿಗಿಯುತ್ತ ಹೋಯಿತು.

“ಅಲ್ಲಾಡ್ತಿಲ್ಲ” ಎಂದಳು.

ಕುರ್ಚಿಗೆ ಒರಗಿದಳು. ನನ್ನ ಕೈಯ ಟಾರ್ಚು ಕೆಳಗಾಯಿತು. ಅಮ್ಮ ಅಳುತ್ತಾಳೇನೋ ಎಂದುಕೊಂಡೆ. ಅವಳು ನನ್ನ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದುಕೊಂಡು, ಅದೇ ಕುರ್ಚಿಯ ಅಂಚಿನಲ್ಲಿ ಕೂರಿಸಿಕೊಂಡಳು.

“ಇರು, ಚಳಿ ಬಿಡ್ಲಿ. ನೋಡೋಣ.”

ಎಷ್ಟು ಹೊತ್ತು ಕಾದೆವೋ. ಅವಳ ಸೀರೆಯಲ್ಲಿ ಬಸ್ಸಿನ ವಾಸನೆ, ತೋಟದ ಮಣ್ಣಿನ ವಾಸನೆ. ಅವಳ ಎದೆ ಬಡಿಯುವುದು ನನ್ನ ಬೆನ್ನಿಗೆ ತಿಳಿಯುತ್ತಿತ್ತು. ಆಮೇಲೆ ಅವಳು ಮತ್ತೆ ಬಗ್ಗಿದಳು. ನನ್ನ ತಲೆಯ ಹಿಂದೆ ಕೈಯಿಟ್ಟು ಮೈಕ್ರೋಸ್ಕೋಪಿನ ಕಡೆಗೆ ಒತ್ತಿದಳು. ಕಪ್ಪು ಚೌಕದ ಮೇಲೆ ಒಂದು ನುಸಿ ಮುಂದಿನ ಒಂದು ಕಾಲನ್ನು ಮೆಲ್ಲಗೆ ಎತ್ತಿತು. ಇಳಿಸಿತು. ಮತ್ತೆ ಎತ್ತಿತು. ಪಕ್ಕದ್ದೂ ಕದಲಿತು.

“ಇದಾವೆ ಕಣೇ” ಎಂದಳು ಅಮ್ಮ, ಪಿಸುಮಾತಿನಲ್ಲಿ. “ಇದಾವೆ.”

ಕರೆಂಟು ಬಂತು. ಆಗ ಅವಳು ಮೊದಲ ಸಲ ನನ್ನ ಮುಖ ನೋಡಿದಳು. ನನ್ನ ಕಣ್ಣು ಕೆಂಪಗೆ ಊದಿತ್ತು.

“ನೀನೆಲ್ಲಿದ್ದೆ?”

“ಬಚ್ಚಲಲ್ಲಿ.”

ಅವಳು ಎದ್ದು ಬಚ್ಚಲಿಗೆ ಹೋದಳು. ಬೋರಲು ಬಕೀಟು, ಒದ್ದೆ ಟವೆಲ್ಲು ಹಾಗೇ ಇದ್ದವು. ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದಳು. ಆಮೇಲೆ ನೆಲ ಒರೆಸಿ, ಅನ್ನ ಮಾಡಿ, ಮೊಸರಿಲ್ಲದ್ದಕ್ಕೆ ಬರೀ ತಿಳಿಸಾರು ಕಲಸಿ ತುತ್ತು ಮಾಡಿ ಬಾಯಿಗಿಟ್ಟಳು. ನಾನು ಐದನೇ ಕ್ಲಾಸು ಮುಗಿಸಿದವಳು, ಆದರೂ ತಿಂದೆ.

ಮುಂದಿನ ವರ್ಷ ಅಮ್ಮನ ಪಿಎಚ್‌ಡಿ ಆಯಿತು. ಕರಾವಳಿಯ ಒಂದು ತೆಂಗು ಸಂಶೋಧನಾ ಕೇಂದ್ರದಲ್ಲಿ ಕೆಲಸವೂ ಸ್ವಲ್ಪ ದಿನದಲ್ಲೇ ಸಿಕ್ಕಿತು. ನಾನು ನನ್ನ ಪುಸ್ತಕಗಳನ್ನು ಕಟ್ಟಿಟ್ಟುಕೊಂಡು ಸಮುದ್ರ ನೋಡುವ ಆಸೆಯಲ್ಲಿದ್ದೆ. ಒಂದು ಭಾನುವಾರ ಮೈಸೂರಿನಿಂದ ದೊಡ್ಡಮ್ಮ ಬಂದರು. ನಾನು ಅವರ ಜೊತೆ ಹೋಗುವುದೆಂದು ಅವರಿಬ್ಬರೂ ಮೊದಲೇ ಮಾತಾಡಿಕೊಂಡಿದ್ದರು.

“ಅಲ್ಲಿ ತೋಟದ ಮಧ್ಯೆ ಮನೆ ಕೊಡ್ತಾರಂತೆ. ನಾನು ಬೆಳಿಗ್ಗೆ ಹೋದ್ರೆ ಸಂಜೆ ಬರೋದು” ಎಂದಳು ಅಮ್ಮ, ನನ್ನ ಬಟ್ಟೆ ಮಡಿಸುತ್ತ. “ನಿನ್ನ ಇನ್ನು ಒಬ್ಳನ್ನೇ ಬಿಡೋಕೆ ನನ್ನ ಕೈಲಿ ಆಗಲ್ಲ ಪುಟ್ಟಿ. ಅವತ್ತು ಬಚ್ಚಲು ನೋಡಿದ ಮೇಲೆ ಆಗಲ್ಲ.”

ನಾನು ಇರ್ತೀನಿ ಎಂದೆ. ಒಬ್ಬಳೇ ಇರಲು ನನಗೆ ಅಭ್ಯಾಸವಾಗಿದೆ ಎಂದೆ. ಅದನ್ನು ಕೇಳಿ ಅವಳು ಇನ್ನೂ ಬೇಗ ಬೇಗ ಮಡಿಸತೊಡಗಿದಳು.

ಆ ರಾತ್ರಿ ಊಟದ ಹೊತ್ತಿಗೆ ಅವಳು ದೊಡ್ಡಮ್ಮನ ಹತ್ತಿರ ನನ್ನನ್ನು ಹೊಗಳುತ್ತಿದ್ದಳು. “ಇವಳಿಂದಲೇ ಇಷ್ಟು ಬೇಗ ಮುಗೀತು ಅಕ್ಕಾ. ಅವತ್ತು ಅವು ಸತ್ತಿದ್ರೆ ಎಲ್ಲಾ ಮೊದಲಿಂದ ಮಾಡ್ಬೇಕಿತ್ತು. ಇನ್ನೂ ಒಂದು ವರ್ಷ ಇಲ್ಲೇ ಕೂತಿರ್ತಿದ್ವಿ.” ನನ್ನ ತಟ್ಟೆಗೆ ತುಪ್ಪ ಬಡಿಸುತ್ತ ಹೇಳಿದಳು. ನಾನು ಕಲಸಿದ ಅನ್ನವನ್ನು ಮತ್ತೆ ಮತ್ತೆ ಕಲಸುತ್ತ ಕೂತೆ.

ಮೈಸೂರಿನಲ್ಲಿ ದೊಡ್ಡಮ್ಮ ಚೆನ್ನಾಗಿ ನೋಡಿಕೊಂಡರು. ಅಲ್ಲಿ ಗೆಳತಿಯರೂ ಸಿಕ್ಕಿದರು. ಹೈಸ್ಕೂಲು ಹೋಗಿ ಕಾಲೇಜು, ಕಾಲೇಜು ಹೋಗಿ ಕೆಲಸ, ಮದುವೆ. ಅಮ್ಮ ಹಬ್ಬಕ್ಕೆ ಬರುತ್ತಾಳೆ, ನಾನು ರಜೆಗೆ ಹೋಗುತ್ತೇನೆ. ಎರಡು ದಿನ ಕಳೆದ ಮೇಲೆ ಇಬ್ಬರೂ ನೆಂಟರ ಮನೆಯಲ್ಲಿರುವಂತೆ ಮೆಲ್ಲಗೆ ಓಡಾಡಲು ಶುರುಮಾಡುತ್ತೇವೆ. ಅವಳಿಗೆ ನನ್ನ ಊಟದ ರುಚಿ ಗೊತ್ತಿಲ್ಲ, ನನಗೆ ಅವಳ ನಿದ್ದೆಯ ಹೊತ್ತು ಗೊತ್ತಿಲ್ಲ. ಆರ್‌ಪಿಸಿ ಲೇಔಟಿನ ಆ ಮನೆಯನ್ನು ಕೆಡವಿ ನಾಲ್ಕಂತಸ್ತು ಕಟ್ಟಿದ್ದಾರೆ. ನಾನು ಕೆಂಗೇರಿಯಿಂದ ಮೆಟ್ರೋದಲ್ಲಿ ವಿಜಯನಗರ ದಾಟುವಾಗ ಆ ಕಡೆ ನೋಡುತ್ತೇನೆ, ಆದರೆ ಎಲ್ಲ ಒಂದೇ ಥರ ಕಾಣುತ್ತದೆ. ಅಲ್ಲಿ ಕಳೆದ ಒಂದೊಂದು ಮಧ್ಯಾಹ್ನವೂ ಯಾವಾಗ ಮುಗಿಯುತ್ತದೋ ಎಂದುಕೊಂಡಿದ್ದೆ. ಅಮ್ಮನೂ ನಾನೂ ಒಂದೇ ಸೂರಿನ ಕೆಳಗೆ ಬದುಕಿದ್ದು ಅಲ್ಲಿಗೇ ಮುಗಿಯಿತು.

ಹೋದ ತಿಂಗಳು ಫೋನಿನಲ್ಲಿ ಅಮ್ಮ ಇದ್ದಕ್ಕಿದ್ದಂತೆ ಕೇಳಿದಳು.

“ಆ ಮನೇಲಿದ್ದಾಗ ನೀನು ಎಷ್ಟು ಎತ್ತರ ಇದ್ದೆ ಪುಟ್ಟಿ?”

“ಯಾಕಮ್ಮ?”

“ಏನಿಲ್ಲ. ನೆನಪು ಮಾಡ್ಕೊಳ್ತಿದ್ದೆ. ನಂಗೆ ಸರಿಯಾಗಿ ಬರ್ತಿಲ್ಲ.”

“ನಿನ್ನ ಭುಜಕ್ಕೆ ಬರ್ತಿದ್ದೆ” ಎಂದೆ.

“ಹೌದಾ” ಎಂದಳು.

ನಿಜ ಹೇಳಬೇಕೆಂದರೆ ನನಗೂ ಗೊತ್ತಿಲ್ಲ. ನಮ್ಮಿಬ್ಬರನ್ನು ಅಕ್ಕಪಕ್ಕ ನಿಲ್ಲಿಸಿ ನೋಡಿದವರು ಆ ಮನೆಯಲ್ಲಿ ಯಾರೂ ಇರಲಿಲ್ಲ.